ಮೌನನಕ್ಷೆಯಲ್ಲಿ ಮೂರು ಓಣಿ

ಒಂದು ಊರಿನ ಅಷ್ಟೂ ಜನರ ಮಾತನ್ನು ಏಳೇ ದಿನದಲ್ಲಿ ಕೇಳಿಸಿಕೊಳ್ಳಬಲ್ಲ ಯಂತ್ರ ಬಂದು ಆಗಲೇ ನಾಲ್ಕು ವರ್ಷ ಕಳೆದಿತ್ತು. ಅದರ ಹೆಸರು ಆಲಿಕೆ. ಸರ್ಕಾರ ಯಾವುದೇ ಹೊಸ ಯೋಜನೆ ತರುವ ಮುಂಚೆ ಆ ಊರಿನ ಪ್ರತಿ ಫೋನಿಗೂ ಆಲಿಕೆಯ ಕರೆ ಹೋಗುತ್ತಿತ್ತು. ಜನ ತಮ್ಮ ಆಡುಮಾತಿನಲ್ಲೇ ಏನು ಬೇಕಾದರೂ ಹೇಳಬಹುದಿತ್ತು. ಯಂತ್ರ ಅದನ್ನು ಬರೆದುಕೊಂಡು, ವಿಂಗಡಿಸಿ, ಒಪ್ಪಿದವರೆಷ್ಟು, ಒಪ್ಪದವರೆಷ್ಟು, ಯಾರ ಅನುಮಾನವೇನು ಎಂದು ಪಟ್ಟಿ ಮಾಡಿ ಸಂಬಂಧಪಟ್ಟ ಕಚೇರಿಗೆ ಕಳಿಸುತ್ತಿತ್ತು. ಜೊತೆಗೆ ಒಂದು ನಕ್ಷೆಯನ್ನೂ ಕೊಡುತ್ತಿತ್ತು. ಮಾತಾಡಿದ ಓಣಿಗಳು ಅದರಲ್ಲಿ ದೀಪದಂತೆ ಬೆಳಗುತ್ತಿದ್ದವು, ಮಾತಾಡದ ಓಣಿಗಳು ಕಪ್ಪಾಗಿಯೇ ಇರುತ್ತಿದ್ದವು. ಅದಕ್ಕೆ ಎಲ್ಲರೂ ಮೌನನಕ್ಷೆ ಎನ್ನುತ್ತಿದ್ದರು. ಒಂದು ಓಣಿ ಕಪ್ಪಾಗಿಯೇ ಉಳಿದರೆ ಯೋಜನೆ ತಂದವರು ಖುದ್ದಾಗಿ ಅಲ್ಲಿಗೆ ಹೋಗಿ, ಮೌನಕ್ಕೆ ಕಾರಣವೇನೆಂದು ಬರೆದು ಸಹಿ ಹಾಕಬೇಕೆಂದು ಕಾಯ್ದೆಯಲ್ಲಿತ್ತು.

ಡಾ. ಇಂದುಮತಿ ಯಾದವಾಡ ಈ ಕಾಯ್ದೆಯನ್ನು ಓದಿದ್ದಳೇ ಹೊರತು ಅದರ ಗೊಡವೆಗೆ ಹೋದವಳಲ್ಲ. ಹನ್ನೊಂದು ವರ್ಷದಿಂದ ಅವಳ ಲೋಕವೆಂದರೆ ಧಾರವಾಡದ ಹೊರಗಿನ ಗುಡ್ಡದ ಮೇಲಿದ್ದ ಕೀಟಶಾಲೆ. ಮಳೆ ಬಿದ್ದೊಡನೆ ಉತ್ತರದ ಊರುಗಳಲ್ಲಿ ಕೀಲುಜ್ವರ ಹಬ್ಬುತ್ತಿತ್ತು. ಜ್ವರ ವಾರದಲ್ಲಿ ಇಳಿದರೂ ಕೈಕಾಲಿನ ಸಂದುಗಳು ವರ್ಷಗಟ್ಟಲೆ ಬಿಗಿದುಕೊಂಡಿರುತ್ತಿದ್ದವು. ಇಂದುಮತಿಯ ಹತ್ತು ವರ್ಷದ ಮಗಳು ಚಿತ್ಕಲಾಗೂ ಹೋದ ವರ್ಷ ಬಂದಿತ್ತು. ಬೆಳಗಿನ ಹೊತ್ತು ಆ ಹುಡುಗಿಗೆ ಪೆನ್ಸಿಲ್ ಹಿಡಿಯಲು ಈಗಲೂ ಆಗುತ್ತಿರಲಿಲ್ಲ. ಜ್ವರ ಹರಡುವ ಸೊಳ್ಳೆಯ ಒಂದು ಹೊಸ ತಳಿಯನ್ನು ಇಂದುಮತಿ ಬೆಳೆಸಿದ್ದಳು. ಅದರ ಗಂಡುಗಳನ್ನು ಊರಿಗೆ ಬಿಟ್ಟರೆ ಅವು ಊರಿನ ಹೆಣ್ಣುಸೊಳ್ಳೆಗಳನ್ನು ಕೂಡುತ್ತವೆ. ಹುಟ್ಟುವ ಮರಿಗಳಲ್ಲಿ ಹೆಣ್ಣುಗಳು ನೀರಿನಲ್ಲೇ ಸಾಯುತ್ತವೆ. ಗಂಡುಸೊಳ್ಳೆ ಕಚ್ಚುವುದಿಲ್ಲ. ನಾಲ್ಕಾರು ತಿಂಗಳಲ್ಲಿ ಕಚ್ಚುವ ಸೊಳ್ಳೆಯೇ ಇಲ್ಲವಾಗಬೇಕು.

ಲೆಕ್ಕ ಹಾಗಿತ್ತು. ಆದರೆ ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಬಿಟ್ಟು ನೋಡಿದಾಗ ನೂರಕ್ಕೆ ತೊಂಬತ್ತು ಸೊಳ್ಳೆ ಕಡಿಮೆಯಾಗುವ ಬದಲು ನಲವತ್ತು ಮಾತ್ರ ಕಡಿಮೆಯಾಗಿದ್ದವು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಈ ಸಲದ್ದು ಕೊನೆಯ ಅವಕಾಶ. ಊರು ಬಾಗಲಕೋಟೆ ಕಡೆಯ ಕೆಂಗುಡ್ಡ, ನೇಕಾರರ ಊರು. ಮುಂಗಾರಿಗೆ ಒಂಬತ್ತು ವಾರ ಉಳಿದಿತ್ತು.

"ನೂರಕ್ಕೆ ತೊಂಬತ್ತೊಂದು ಜನ ಒಪ್ಪಿದ್ದಾರೆ. ಇನ್ನೇನು ಬೇಕು?" ಎಂದರು ಕೀಟಶಾಲೆಯ ನಿರ್ದೇಶಕ ಡಾ. ಅನಂತಶಯನ. ಅವರು ಮೈಸೂರಿನ ಕಡೆಯವರು, ಅವಸರದಲ್ಲೂ ಮೆತ್ತಗೆ ಮಾತಾಡುವವರು.

ಆಲಿಕೆಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟಗಲದ ನಕ್ಷೆಯ ಮುಂದೆ ಮೂವರು ನಿಂತಿದ್ದರು. ಮೂರನೆಯವಳು ಕೊಠಡಿಯ ಮುಖ್ಯಸ್ಥೆ ನಸೀಮಬಾನು, ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ಕೆಂಗುಡ್ಡ ಪೂರ್ತಿ ಬೆಳಗುತ್ತಿತ್ತು. ಪೂರ್ವದ ಅಂಚಿನಲ್ಲಿ ಮೂರು ಓಣಿ ಮಾತ್ರ ಕಪ್ಪಗಿದ್ದವು.

"ನೂರಾ ನಲವತ್ತು ಮನಿ ಸರ್. ಒಂದೂ ಮಾತಾಡಿಲ್ಲ," ಎಂದಳು ನಸೀಮಬಾನು.

"ಆಸಕ್ತಿ ಇಲ್ಲ ಅಂತ ಬರೆದುಬಿಡಿ ಇಂದುಮತಿ. ಕಾಲಂ ತುಂಬಿದರೆ ಆಯ್ತು."

ಇಂದುಮತಿ ಪೆನ್ನು ತೆಗೆದೇಬಿಟ್ಟಿದ್ದಳು. ನಸೀಮಬಾನು ಹಾಳೆಯನ್ನು ಅವಳ ಕಡೆ ಸರಿಸಲಿಲ್ಲ.

"ಮೇಡಂ, ಒಂದಿಬ್ಬರು ಮಾತಾಡದಿದ್ರ ಆಸಕ್ತಿ ಇಲ್ಲ ಅನ್ನಬಹುದು. ನೂರಾ ನಲವತ್ತು ಮನ್ಯಾಗ ಒಬ್ಬರೂ ಬಾಯಿ ಬಿಟ್ಟಿಲ್ಲ ಅಂದ್ರ ಅದು ಆಸಕ್ತಿ ಮಾತಲ್ಲ. ನಿಮ್ಮ ಸಹಿ ಬೀಳೂದು, ನೀವ ನೋಡ್ರಿ."

ಒಂದು ದಿನ ಹೋದರೆ ಹೋಗಲಿ ಎಂದುಕೊಂಡು ಇಂದುಮತಿ ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದಳು.

ಕೆಂಗುಡ್ಡದ ಆ ಮೂರು ಓಣಿಗಳಲ್ಲಿ ಮೌನವೆಂಬುದು ಎಲ್ಲೂ ಇರಲಿಲ್ಲ. ಕೈಮಗ್ಗದ ಬಟ್ಟೆಗೆ ಮತ್ತೆ ಬೇಡಿಕೆ ಬಂದಿದ್ದರಿಂದ ಪ್ರತಿ ಮನೆಯಿಂದಲೂ ಮಗ್ಗದ ಲಟಕ್ ಪಟಕ್ ಸದ್ದು ಕೇಳುತ್ತಿತ್ತು. ಮೊದಲ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ನೆಲಕ್ಕೆ ಕೂತಂತೆ ಕಾಣುತ್ತಿದ್ದಳು. ಹತ್ತಿರ ಹೋದಾಗ ಅವಳ ಕಾಲು ಮೊಣಕಾಲಿನ ಮೇಲಿನವರೆಗೆ ನೆಲದೊಳಗಿನ ಗುಂಡಿಯಲ್ಲಿ ಇಳಿಬಿದ್ದಿರುವುದು ಗೊತ್ತಾಯಿತು. ಅವಳು ಬನಶಂಕ್ರೆವ್ವ. ಲಾಳಿ ಎಸೆಯುವುದನ್ನು ನಿಲ್ಲಿಸದೆಯೇ ಕೇಳಿದಳು.

"ಯಾರವಾ ನೀವು?"

"ಧಾರವಾಡದಿಂದ ಬಂದೀನ್ರಿ. ಸೊಳ್ಳಿ ಬಿಡೂ ವಿಚಾರಕ್ಕ."

"ಮತ್ತ ಕುಣಿ ನೋಡಾಕ ಬಂದ್ರೇನು?" ಬನಶಂಕ್ರೆವ್ವ ಗಟ್ಟಿಯಾಗಿ ನಕ್ಕಳು. "ಹ್ವಾದ ವಾರ ರಸ್ತೆ ರಿಪೇರಿಯವ್ರು ಬಂದಿದ್ರು. ಗಾಡಿ ತುಂಬ ಡಾಂಬರು ತಂದಿದ್ರು. 'ನಿಮ್ಮ ಓಣ್ಯಾಗ ಎರಡನೂರು ಕುಣಿ ಬಿದ್ದಾವಂತ, ಎಲ್ಲಿ?' ಅಂದ್ರು. ನಾ ಕೈ ಹಿಡಕೊಂಡು ಬಂದು ಇದನ್ನ ತೋರಿಸಿದೆ. ಮಗ್ಗದ ಕುಣಿ ನೋಡಿ ಹೊಟ್ಟಿ ಹುಣ್ಣಾಗೂವಂಗ ನಕ್ಕು, ಚಹಾ ಕುಡದು ಹ್ವಾದ್ರು."

ಇಂದುಮತಿಗೆ ನಗು ಬರಲಿಲ್ಲ. "ಆಲಿಕೆ ಫೋನ್ ಬಂದಾಗ ನೀವು ಮಾತಾಡಿದ್ರೇನು?"

"ಮಾತಾಡದ ಏನು? ಓಣಿಗೆ ಓಣಿನ ಮಾತಾಡೇತಿ. ಕುಣಿ ವಿಚಾರ ಎಲ್ಲಾರೂ ಹೇಳೀವಿ."

ಇಂದುಮತಿ ಹೊಸ್ತಿಲ ಬಳಿಯೇ ನಿಂತು ನಸೀಮಬಾನುಗೆ ಫೋನ್ ಮಾಡಿದಳು. ಆ ಕಡೆಯಿಂದ ಉತ್ತರ ಬರಲು ಹತ್ತು ನಿಮಿಷ ಬೇಕಾಯಿತು. "ಸಿಕ್ಕಾವ್ರೀ ಮೇಡಂ. ಇನ್ನೂರಾ ಹನ್ನೆರಡು ಮಾತು. ಯಂತ್ರ 'ಕುಣಿ' ಅನ್ನೂದನ್ನ ರಸ್ತೆ ತಗ್ಗು ಅಂತ ತಿಳಕೊಂಡು ಅಷ್ಟನ್ನೂ ರಸ್ತೆ ವಿಭಾಗಕ್ಕ ತಳ್ಳಿಬಿಟ್ಟೈತಿ."

ಬನಶಂಕ್ರೆವ್ವ ಮಗ್ಗದಿಂದ ಮೇಲೆದ್ದು ಬಂದಳು. ಅವಳ ಎರಡೂ ಕಾಲುಗಳ ಮೀನಖಂಡದ ಮೇಲೆ ಸೊಳ್ಳೆ ಕಡಿದ ಕೆಂಪು ಗಂಧೆಗಳು ಒಂದರ ಪಕ್ಕ ಒಂದು ಎದ್ದಿದ್ದವು.

"ಒಂದು ತಾಸು ಕುಂತು ನೋಡ್ರಿ ಅಕ್ಕಾರ. ಆಮ್ಯಾಲ ಏನು ಕೇಳ್ತೀರೋ ಕೇಳ್ರಿ."

ಇಂದುಮತಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕುಣಿಯೊಳಗೆ ಕಾಲಿಳಿಸಿ ಕೂತಳು. ಹೊರಗೆ ಬಿಸಿಲು ಸುಡುತ್ತಿದ್ದರೆ ಕುಣಿಯೊಳಗೆ ಹಸಿ ತಂಪು. ನೂಲು ಒಣಗಿ ಹರಿಯದಿರಲೆಂದು ದಿನಾ ಬೆಳಿಗ್ಗೆ ಅಲ್ಲಿ ನೀರು ಚಿಮುಕಿಸುತ್ತೇವೆ ಎಂದಳು ಬನಶಂಕ್ರೆವ್ವ. ಎರಡು ನಿಮಿಷವೂ ಆಗಿರಲಿಲ್ಲ, ಪಾದದ ಮೇಲೆ ಮೊದಲ ಸೂಜಿ ಚುಚ್ಚಿತು. ಆಮೇಲೆ ಹಿಮ್ಮಡಿಗೆ, ಆಮೇಲೆ ಮಂಡಿಯ ಹಿಂದೆ. ಒಂದು ತಾಸಿನ ಬಳಿಕ ಇಂದುಮತಿ ಚೀಲದಿಂದ ಸೊಳ್ಳೆ ಎಳೆದುಕೊಳ್ಳುವ ಕೊಳವೆ ತೆಗೆದು ಕುಣಿಯ ಗೋಡೆಗಳನ್ನೂ, ಕಾಲಲ್ಲಿ ತುಳಿಯುವ ಹಲಗೆಗಳ ಅಡಿಯನ್ನೂ ತಡಕಿದಳು. ಅರವತ್ತೊಂದು ಹೆಣ್ಣುಸೊಳ್ಳೆ ಸಿಕ್ಕವು. ಹೊರಗೆ ಓಣಿಯುದ್ದಕ್ಕೂ ಹುಡುಕಿದರೆ ನಾಲ್ಕು.

ಮನೆಗೆ ಬಂದಾಗ ಸಂಜೆ ಆರಾಗಿತ್ತು. ಗಂಡ ವಾಮನ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ. ಚಿತ್ಕಲಾಳ ಕೈಗೆ ದಿನಾ ಎಣ್ಣೆ ತಿಕ್ಕುವುದು ಇಂದುಮತಿಯ ಕೆಲಸ. ಬಿಸಿ ಎಣ್ಣೆ ತಂದು ಮಗಳ ಹೆಬ್ಬೆರಳನ್ನು ನೀವತೊಡಗಿದಳು. ಮನಸ್ಸೆಲ್ಲ ಆ ಅರವತ್ತೊಂದು ಸೊಳ್ಳೆಯ ಮೇಲಿತ್ತು.

"ಅವ್ವಾ, ಹೆಬ್ಬಟ್ಟು ನೋಯಂಗಿಲ್ಲ ನನಗ," ಎಂದಳು ಹುಡುಗಿ. "ಮಣಿಕಟ್ಟು ನೋಯ್ತದ."

"ಯಾವಾಗಿಂದ?"

"ಮೊದಲಿಂದೂ."

"ಮತ್ತ ಹೇಳಬಾರದೇನು, ನನ ಕೂಸ?"

"ನೀ ಕೇಳಲಿಲ್ಲಲ್ಲ. ತಿಕ್ಕಿದಿ, ಸುಮ್ನಿದ್ದೆ."

ಇಂದುಮತಿ ಹೆಬ್ಬೆರಳನ್ನು ಬಿಟ್ಟಳು. ಮಗಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ತಿಕ್ಕಿದಳು.

ಮರುದಿನ ಅವಳು ಕೀಟಶಾಲೆಗೆ ಹೋಗದೆ ನೇರವಾಗಿ ನಿಯಂತ್ರಣ ಕೊಠಡಿಗೆ ಹೋದಳು. "ಪಟ್ಟಿ ಬ್ಯಾಡ ನಸೀಮಬಾಯಿ. ದನಿ ಕೇಳಸ್ರಿ," ಎಂದಳು. ಇಬ್ಬರೂ ಪಕ್ಕಪಕ್ಕ ಕುರ್ಚಿ ಹಾಕಿಕೊಂಡು ಇನ್ನೂರ ಹನ್ನೆರಡು ಮಾತನ್ನೂ ಒಂದೊಂದಾಗಿ ಕೇಳಿದರು. ಹಿಂದೆ ಲಾಳಿಯ ಸದ್ದು, ಪಾತ್ರೆಯ ಸದ್ದು. ಕೆಲವರು ಬೈದಿದ್ದರು. ಕೆಲವರು ಬಟ್ಟೆಗೆ ಕಲೆ ಬೀಳುತ್ತದೋ ಎಂದು ಕೇಳಿದ್ದರು. ನೂರಾ ಹದಿನೇಳನೆಯದು ಒಬ್ಬ ಮುದುಕನ ದನಿ.

"ಸರ್ಕಾರದವರು ಅಳಿಯಂದಿರನ್ನ ಕಳಸ್ತೀವಿ ಅಂತಾರ. ಚಲೋ ಆತು. ಖರೇ, ನಿಮ್ಮ ಅಳಿಯಂದಿರು ಬೀದ್ಯಾಗ ಹಾರ್ಯಾಡಿಕೋತ ಇರ್ತಾರ, ನಮ್ಮ ಹೆಣ್ಣುಸೊಳ್ಳಿ ಕುಣ್ಯಾಗ ಕುಂತಿರ್ತಾವ. ಲಗ್ನ ಆಗೂದು ಹ್ಯಾಂಗ್ರಿ?"

ನಸೀಮಬಾನು ಬಿದ್ದು ಬಿದ್ದು ನಕ್ಕಳು. ಇಂದುಮತಿ ಆ ಮಾತನ್ನು ಮೂರು ಸಲ ಹಾಕಿಸಿ ಕೇಳಿದಳು. ಹಿಂದಿನ ವರ್ಷದ ಊರಿನ ಕಡತ ತರಿಸಿದಳು. ಅಲ್ಲಿಯೂ ಅರ್ಧ ಊರು ಕುಣಿಮಗ್ಗದವರದೇ ಆಗಿತ್ತು. ಹನ್ನೊಂದು ವರ್ಷದಲ್ಲಿ ಅವಳು ಸೊಳ್ಳೆಯ ಬಗ್ಗೆ ಕೇಳದ ಪ್ರಶ್ನೆಯನ್ನು ಈ ಮುದುಕ ಮಗ್ಗದಲ್ಲಿ ಕೂತು ಕೇಳಿದ್ದ.

ಪ್ರಶ್ನೆ ಚೆನ್ನಾಗಿದ್ದರೆ ಸಾಲದು, ಉತ್ತರ ಬೇಕಿತ್ತು. ಇಂದುಮತಿ ಕೀಟಶಾಲೆಯ ಹಿತ್ತಲಿನಲ್ಲಿ ಸಣ್ಣದೊಂದು ಓಣಿಯನ್ನೇ ಬಲೆಯೊಳಗೆ ಕಟ್ಟಿಸಿದಳು. ನಾಲ್ಕು ಗುಡಿಸಲು, ಪ್ರತಿಯೊಂದರಲ್ಲಿ ಒಂದು ಹಸಿ ಕುಣಿ, ಕುಣಿಯಲ್ಲಿ ಹೆಣ್ಣುಸೊಳ್ಳೆಗಳು. ಸಾವಿರ ಗಂಡುಸೊಳ್ಳೆಗಳ ಮೈಗೆ ಹೊಳೆಯುವ ಹಸಿರು ಪುಡಿ ಸವರಿ, ಊರಿನಲ್ಲಿ ಡ್ರೋನಿನಿಂದ ಬಿಡುವ ಹಾಗೆಯೇ ಮೇಲಿನಿಂದ ಬಿಟ್ಟಳು. ಎರಡು ದಿನದ ನಂತರ ಕುಣಿಗಳಲ್ಲಿ ನೇರಳೆ ಬೆಳಕು ಹಾಯಿಸಿ ನೋಡಿದರೆ ಹಸಿರು ಚುಕ್ಕೆಗಳು ಎಣಿಸಿ ಹದಿನಾಲ್ಕು. ಎರಡನೆಯ ಸಲ ಸಾವಿರವನ್ನು ಕೆಂಪು ಪುಡಿ ಹಚ್ಚಿ ನೇರ ಕುಣಿಯೊಳಗೇ ಬಿಟ್ಟಳು. ಏಳುನೂರಕ್ಕೂ ಹೆಚ್ಚು ಅಲ್ಲೇ ಇದ್ದವು. ನೋಟ್‌ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಅವಳು ಗಟ್ಟಿಯಾಗಿ ಉಸಿರು ಬಿಟ್ಟಳು. ಹಿಂದಿನ ವರ್ಷ ಸೋತದ್ದು ತಳಿಯಲ್ಲ.

"ಅದ್ಭುತ," ಎಂದರು ಅನಂತಶಯನ. "ಹಾಗಾದರೆ ಕುಣಿಯಲ್ಲೇ ಬಿಡಿ. ಸೋಮವಾರದಿಂದ ಶುರು ಮಾಡಿ."

"ಆಗಂಗಿಲ್ಲ ಸರ್. ಮತ್ತ ಕೇಳಬೇಕು."

"ಕೇಳಿ ಆಗಿದೆಯಲ್ಲ! ತೊಂಬತ್ತೊಂದು..."

"ನಾವು ಕೇಳಿದ್ದು ಬೀದ್ಯಾಗ ಬಿಡ್ತೀವಿ, ಒಪ್ಪಿಗಿ ಐತೇನು ಅಂತ. ಈಗ ಅವರ ಮನಿಯೊಳಗ ಹೋಗಬೇಕು. ಕಾಲು ಇಳಿಬಿಡೂ ಜಾಗಾದಾಗ ಬಿಡಬೇಕು. ಬ್ಯಾರೆ ಯೋಜನೆ, ಬ್ಯಾರೆ ಪ್ರಶ್ನೆ."

"ಇಂದುಮತಿ, ಮಳೆಗೆ ಏಳೇ ವಾರ ಇದೆ. ಅವರು ಬೇಡ ಅಂದರೆ?"

"ಬ್ಯಾಡಂದ್ರ ಬ್ಯಾಡ ಸರ್. ಬ್ಯಾಡ ಅನ್ನಲಿಕ್ಕೆ ಬರದಿದ್ರ ಅದನ್ನ ಕೇಳೂದು ಅಂತ ಹ್ಯಾಂಗ ಅನ್ನೂದು?" ನಿರ್ದೇಶಕರು ಕಿಟಕಿಯ ಕಡೆ ನೋಡಿದರು, ಕ್ಯಾಲೆಂಡರ್ ನೋಡಿದರು, ಕೊನೆಗೆ ಹನ್ನೆರಡು ದಿನ ಕೊಟ್ಟರು.

ಸಭೆ ಯಾವಾಗ ಇಡಬೇಕೆಂದು ಅವಳು ಬನಶಂಕ್ರೆವ್ವನನ್ನೇ ಕೇಳಿದಳು. ಅಮಾವಾಸ್ಯೆ ದಿನ ಮಗ್ಗ ನಿಲ್ಲಿಸುತ್ತೇವೆ, ಅವತ್ತು ಬರ್ರಿ, ಅದೂ ಊಟದ ಮುಂಚೆ, ಎಂದಳು ಅವಳು. ಅದಕ್ಕೂ ಎಂಟು ದಿನ ಮೊದಲೇ ಒಂದೇ ಹಾಳೆಯಲ್ಲಿ, ಓದಿದರೆ ಅರ್ಥವಾಗುವ ಮಾತಿನಲ್ಲಿ ವಿಷಯ ಬರೆದು ಮನೆಮನೆಗೂ ಹಂಚಿದರು. ಓದು ಬಾರದವರ ಮನೆಯಲ್ಲಿ ನಸೀಮಬಾನು ಕೂತು ಓದಿ ಹೇಳಿದಳು.

ನೇಕಾರರ ಸಂಘದ ಹಾಲ್ ಅಮಾವಾಸ್ಯೆಯ ಬೆಳಿಗ್ಗೆ ಹತ್ತಕ್ಕೇ ತುಂಬಿತ್ತು. ಇಂದುಮತಿ ವೇದಿಕೆ ಹತ್ತದೆ ಚಾಪೆಯ ಅಂಚಿನಲ್ಲಿ ನಿಂತಳು.

"ಮೊದಲ ಒಂದು ಮಾತು ಹೇಳಿಬಿಡ್ತೀನ್ರಿ. ನೀವು ಮಾತಾಡಿದ್ರಿ, ನಾವು ಕೇಳಿಸ್ಕೊಳ್ಳಲಿಲ್ಲ. ತಪ್ಪು ನಮ್ಮದು. ಇವತ್ತು ಏನು ಇನ್ನೂ ತೀರ್ಮಾನ ಆಗಿಲ್ಲ, ಏನು ಆಗೇತಿ ಅನ್ನೂದನ್ನ ಬಿಚ್ಚಿ ಹೇಳ್ತೀನಿ. ಈ ವರ್ಷ ಸೊಳ್ಳಿ ತಳಿ ಬದಲಿ ಮಾಡಾಕ ಆಗಂಗಿಲ್ಲ, ಅದು ಆಗಿಹೋದ ಮಾತು. ಆದ್ರ ಬಿಡಬೇಕೋ ಬ್ಯಾಡೋ, ಎಲ್ಲಿ, ಯಾವ ಹೊತ್ತಿನ್ಯಾಗ, ಯಾರ ಕೈಲೆ ಬಿಡಸಬೇಕು, ಇದೆಲ್ಲಾ ನೀವು ಹೇಳಿದಂಗ."

ಮೊದಲಿಗೆ ಬನಶಂಕ್ರೆವ್ವ ಎದ್ದಳು. "ಕಾಲಿಗೆ ಏನು ಕುಂತ್ರೂ ನಾವು ಹೊಡಿತೇವ್ರಿ. ಗಂಡೋ ಹೆಣ್ಣೋ ನೋಡಿ ಹೊಡಿಯಾಕ ಆಗತೈತೇನು? ನಿಮ್ಮ ಅಳಿಯಂದಿರು ನಮ್ಮ ಕೈಯಾಗ ಸಾಯ್ತಾರ."

ಹಾಲ್ ನಕ್ಕಿತು. ಇಂದುಮತಿಯೂ ನಕ್ಕಳು. "ಮತ್ತ ಏನು ಮಾಡೂಣ, ನೀವ ಹೇಳ್ರಿ" ಎಂದಳು. ಮಾತು ಮಾತಿಗೆ ಬೆಳೆಯಿತು. ಅಮಾವಾಸ್ಯೆಯ ಹಿಂದಿನ ಸಂಜೆ ಬಿಟ್ಟರೆ ಮರುದಿನ ಪೂರ್ತಿ ಕುಣಿಯಲ್ಲಿ ಕಾಲಿರುವುದಿಲ್ಲ ಎಂದರು ಒಬ್ಬರು. ತಿಂಗಳಿಗೊಂದು ಸಲ ಸಾಲದು, ವಾರಕ್ಕೊಮ್ಮೆಯಾದರೂ ಬೇಕು ಎಂದಳು ಇಂದುಮತಿ. ಹಾಗಾದರೆ ವಾರದ ಸಂತೆಯ ದಿನ ಮಧ್ಯಾಹ್ನದ ಮೇಲೆ ಮಗ್ಗ ನಿಂತಿರುತ್ತದೆ, ಆವಾಗ ಬಿಡಿ ಎಂದಳು ಒಬ್ಬ ಸೊಸೆ. ಅನಂತರ ಬಟ್ಟೆಯ ಕಲೆಯ ಮಾತು ಬಂತು. ಪುಡಿ ಹಚ್ಚದ ಸೊಳ್ಳೆಯನ್ನೇ ಬಿಡುತ್ತೇವೆಂದು ಇಂದುಮತಿ ಒಪ್ಪಿದಳು. ನಸೀಮಬಾನು ಪ್ರತಿಯೊಂದು ಮಾತಿನ ಮುಂದೆ 'ಒಪ್ಪಿದ್ದು', 'ಒಪ್ಪದ್ದು, ಕಾರಣ ಇಂಥದ್ದು' ಎಂದು ಬರೆಯುತ್ತ ಹೋದಳು. ಆ ಹಾಳೆಗಳನ್ನು ಮರುದಿನವೇ ಸಂಘದ ಗೋಡೆಗೆ ಅಂಟಿಸುವುದೆಂದಾಯಿತು.

ಕೊನೆಗೆ ಹಿಂದಿನ ಸಾಲಿನಿಂದ ಈರಬಸಪ್ಪ ಎದ್ದ. ಐವತ್ತರ ಗಂಡಸು, ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ನಮ್ಮ ಮನ್ಯಾಗ ಬ್ಯಾಡ. ಬ್ಯಾಡ ಅಂದ್ರ ನಮ್ಮ ಮನಿ ಬಿಟ್ಟು ಮುಂದ ಹೋಗ್ತೀರೇನು?"

"ಹೋಗ್ತೀವ್ರಿ."

"ಕಾರಣ ಕೇಳಂಗಿಲ್ಲ?"

"ಹೇಳಿದ್ರ ಕೇಳ್ತೀನಿ. ಹೇಳಲಿಲ್ಲಂದ್ರೂ ನಿಮ್ಮ ಮಾತು ಮಾತೇ."

"ಬರದು ಕೊಡ್ರಿ."

ಇಂದುಮತಿ ಅಲ್ಲಿಯೇ ಹಾಳೆ ತೆಗೆದುಕೊಂಡು, ಈರಬಸಪ್ಪನವರ ಮನೆಯಲ್ಲಿ ಸೊಳ್ಳೆ ಬಿಡುವುದಿಲ್ಲವೆಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಳು. ಅವನು ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಕಿಸೆಗೆ ಇಟ್ಟುಕೊಂಡ. ಒಂದು ಕುಣಿ ತಪ್ಪಿಹೋದರೆ ಸಾಕು, ಊರಿಗೆಲ್ಲ ಸೊಳ್ಳೆ ಅಲ್ಲಿಂದಲೇ ಹುಟ್ಟುತ್ತದೆ ಎಂದು ಅನಂತಶಯನರು ಫೋನಿನಲ್ಲಿ ಗೊಣಗಿದರು. ಹುಟ್ಟಬಹುದು ಸರ್, ನೋಡೋಣ, ಎಂದಳು ಅವಳು.

ಮುಂಗಾರಿಗೆ ಇನ್ನೂ ಐದು ವಾರವಿರುವಾಗ ಗಂಡುಸೊಳ್ಳೆಗಳ ಮೊದಲ ಡಬ್ಬಿಗಳು ಕೆಂಗುಡ್ಡಕ್ಕೆ ಬಂದವು. ಡಬ್ಬಿ ತೆಗೆದು ಕುಣಿಯಲ್ಲಿಡುವುದನ್ನು ಮನೆಯವರೇ ಮಾಡಿದರು. ಇಂದುಮತಿ ಬಾಗಿಲಲ್ಲಿ ನಿಂತು ನೋಡಿದಳಷ್ಟೆ. ಮಳೆ ಹೊತ್ತಿಗೆ ಸರಿಯಾಗಿ ಬಂತು. ನೀರಿನ ಪಿಪಾಯಿ ತುಂಬಿದವು. ಆಷಾಢದಲ್ಲಿ ಅವಳು ವಾರಕ್ಕೊಮ್ಮೆ ಕುಣಿಗಳಲ್ಲಿನ ಹೆಣ್ಣುಸೊಳ್ಳೆ ಎಣಿಸಲು ಬರುತ್ತಿದ್ದಳು. ಬನಶಂಕ್ರೆವ್ವನ ಕುಣಿಯಲ್ಲಿ ಅರವತ್ತೊಂದು ಇದ್ದಲ್ಲಿ ಮೂವತ್ತು, ಆಮೇಲೆ ಹನ್ನೆರಡು, ಶ್ರಾವಣ ಮುಗಿಯುವಷ್ಟರಲ್ಲಿ ಎರಡು. ಹಿಂದಿನ ವರ್ಷ ಆ ಮೂರು ಓಣಿಗಳಲ್ಲಿ ನೂರಾ ಎಂಬತ್ತು ಜನ ಕೀಲುಜ್ವರದಿಂದ ಮಲಗಿದ್ದರು. ಈ ವರ್ಷ ಐದು ಜನ. ಬನಶಂಕ್ರೆವ್ವ ಕಾಲು ಚಾಚಿ ತೋರಿಸಿದಳು. ಹಳೆಯ ಕಪ್ಪು ಕಲೆಗಳಿದ್ದವು, ಹೊಸ ಗಂಧೆ ಒಂದೂ ಇರಲಿಲ್ಲ.

ಫಲಿತಾಂಶ ಹೇಳಲು ಇಂದುಮತಿ ಮತ್ತೆ ಸಂಘದ ಹಾಲ್‌ಗೆ ಬಂದಳು. ಎಷ್ಟು ಕಡಿಮೆಯಾಯಿತು, ಎಲ್ಲಿ ಆಗಲಿಲ್ಲ, ಬರುವ ವರ್ಷ ಏನು ಮಾಡಬೇಕು, ಎಲ್ಲವನ್ನೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಈರಬಸಪ್ಪ ಎದ್ದು ನಿಂತ.

"ನಮ್ಮ ಮನ್ಯಾಗ ನೀವು ಸೊಳ್ಳಿ ಬಿಡಲಿಲ್ಲ. ಆದ್ರ ನಮ್ಮ ಮನ್ಯಾಗೂ ಯಾರಿಗೂ ಜ್ವರ ಬರಲಿಲ್ಲ. ಮತ್ತ ಇದು ನಿಮ್ಮ ಸೊಳ್ಳಿದೋ, ನಮ್ಮ ದೈವದ್ದೋ?"

ಕೆಲವರು ಗುಸುಗುಸು ಎಂದರು. ಇಂದುಮತಿ ಯೋಚಿಸಿ ಉತ್ತರ ಕೊಟ್ಟಳು.

"ಗೊತ್ತಿಲ್ರಿ. ಪಕ್ಕದ ಮನಿಗಳಿಂದ ನಮ್ಮ ಗಂಡುಸೊಳ್ಳಿ ನಿಮ್ಮ ಕುಣಿಗೂ ಬಂದಿರಬಹುದು. ಹಂಗ ಬಂದಿದ್ರ ಅದನ್ನ ನಿಮಗ ಹೇಳೂದು ನನ್ನ ಕರ್ತವ್ಯ. ಬಂದಿಲ್ಲ ಅಂದ್ರ ನಮಗ ತಿಳಿಯದ್ದು ಇನ್ನೇನೋ ಐತಿ. ನಿಮ್ಮ ಕುಣಿ ನೋಡಿ, ಸಿಕ್ಕ ಸೊಳ್ಳಿ ತಳಿ ಪರೀಕ್ಷಾ ಮಾಡಿದ್ರ ಗೊತ್ತಾಗತೈತಿ. ನೋಡೂದೋ ಬ್ಯಾಡೋ, ನೀವ ಹೇಳಬೇಕು."

ಈರಬಸಪ್ಪ ಅವಳನ್ನು ದಿಟ್ಟಿಸಿದ. ಅವಳು ಬರೆದುಕೊಟ್ಟ ಹಾಳೆಯಿದ್ದ ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಹಾಲ್‌ನಲ್ಲಿ ಯಾರೂ ಅವನನ್ನು ಅವಸರಪಡಿಸಲಿಲ್ಲ.

"ಬರ್ರಿ," ಎಂದ ಕೊನೆಗೆ. "ನೋಡಾಕ ಅಷ್ಟ. ಬಿಡಾಕ ಅಲ್ಲ."

"ನೋಡಾಕ ಅಷ್ಟ," ಎಂದಳು ಇಂದುಮತಿ. ಕೊಳವೆಯ ಚೀಲವನ್ನು ಹೆಗಲಿಗೇರಿಸಿಕೊಂಡು, ಅವನ ಹಿಂದೆ ಓಣಿಗೆ ಇಳಿದಳು.